ಕದಿರಪ್ಪ ತಂದ ಹುಲಿ

ಆ ಶುಕ್ರವಾರ ಬೆಳಿಗ್ಗೆ ಅಕ್ಕಯ್ಯಮ್ಮನ ಗೂಡಿನಲ್ಲಿ ಮತ್ತೊಂದು ಕೋಳಿ ಕಡಿಮೆಯಾಗಿತ್ತು. ಕದ್ದವನು ಯಾವನೋ, ಬೈಸಿಕೊಂಡವನು ಕದಿರಪ್ಪ.

ಕದಿರಪ್ಪ ಆ ಮನೆಯ ಇಲ್ಲಟದ ಅಳಿಯ. ಅಂದರೆ, ಹೆಂಡತಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುವ ಬದಲು, ಗಂಡುಮಕ್ಕಳಿಲ್ಲದ ಅತ್ತೆಯ ಮನೆಗೆ ತಾನೇ ಬಂದು ಸೇರಿಕೊಂಡು ಹೊಲ ಮನೆ ನೋಡಿಕೊಳ್ಳುವವನು. ಅಕ್ಕಯ್ಯಮ್ಮ ಅವನಿಗೆ ಅಪ್ಪನ ಒಡಹುಟ್ಟಿದ ಅಕ್ಕ. ಹಾಗಾಗಿ ಅಳಿಯನೆಂಬ ಮರ್ಯಾದೆಯೂ ಇರಲಿಲ್ಲ, ಹೊರಗಿನವನೆಂಬ ದಾಕ್ಷಿಣ್ಯವೂ ಇರಲಿಲ್ಲ. ಕೋಳಿ ಕೂಗುವ ಮುಂಚೆ ಶುರುವಾದ ಬೈಗುಳ ದೀಪ ಆರಿಸಿದ ಮೇಲೂ ಕತ್ತಲಲ್ಲಿ ಒಂದಷ್ಟು ಹೊತ್ತು ನಡೆಯುತ್ತಿತ್ತು. ಎಮ್ಮೆ ಹಾಲು ಕಡಿಮೆ ಕೊಟ್ಟರೆ ಕದಿರಪ್ಪ ಕಾರಣ, ಹೆಚ್ಚು ಕೊಟ್ಟು ಉಕ್ಕಿದರೂ ಕದಿರಪ್ಪನೇ ಕಾರಣ. ಅವನು ಒಳ್ಳೆಯವನು, ಮೈಮುರಿದು ದುಡಿಯುವವನು, ಆದರೆ ಪುಕ್ಕಲ. ಯಾರಾದರೂ ಗಟ್ಟಿಯಾಗಿ ಕೆಮ್ಮಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ.

"ಗೂಡಿನ ಪಕ್ಕದಲ್ಲೇ ಮಲ್ಗಿದ್ಯಲ್ಲೋ, ಕೋಳಿ ಕಿರುಚಿದ್ದು ನಿನ್ ಕಿವಿಗೆ ಬೀಳ್ಲಿಲ್ವಾ?" ಎಂದಳು ಅಕ್ಕಯ್ಯಮ್ಮ.

"ಎಂಗೆ ಬೀಳ್ತದೆ ಅತ್ತೆ? ಆಗ ನೀನು ಬೈತಾ ಇದ್ದೆ."

ಅವನು ಹೇಳಿದ್ದು ನಿಜವೇ. ಆದರೆ ನಿಜ ಹೇಳುವುದಕ್ಕೂ ಹೊತ್ತು ಗೊತ್ತು ಅಂತ ಒಂದಿದೆ. ಮುಂದಿನ ಅರ್ಧ ಗಂಟೆ ಬೀದಿಯ ಕಾಗೆಗಳು ಕೂಡ ಬೇರೆ ಮರ ನೋಡಿಕೊಂಡವು.

ಪಕ್ಕದ ಮನೆಯ ಕೊಂಡಪ್ಪ ಎಂದಿನಂತೆ ಇವರ ಜಗಲಿಯಲ್ಲಿ ಕೂತು ಕೇಳುತ್ತಿದ್ದ. ಬೇಸಿಗೆಯಲ್ಲೂ ಹೊದ್ದ ಕಂಬಳಿ ತೆಗೆಯದ ಆಸಾಮಿ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ಅವನ ಕಸುಬು. ಮಧ್ಯೆ ಆದಿಲಕ್ಷ್ಮಿ, ಕದಿರಪ್ಪನ ಹೆಂಡತಿ, "ಒಂದು ನಾಯಿ ಸಾಕಾನ ಕಣಮ್ಮ" ಅಂದಾಗ ಕೊಂಡಪ್ಪ ನಕ್ಕ.

"ನಾಯಿ ಯಾಕಮ್ಮಣ್ಣಿ? ಅದುಕ್ಕಾಕೋ ಇಟ್ಟು ದಂಡ. ಅದ್ರಾಗೂ ಕದಿರಪ್ಪ ತರೋ ನಾಯಿ ಕದಿರಪ್ಪನಂಗೇ ಇರ್ತದೆ. ಕಳ್ಳ ಬಂದ್ರೆ ಎದ್ದು ನಿಂತು ಕೈ ಮುಗೀತದೆ!"

ಹೆಂಡತಿಯ ಮುಂದೆ ಹೀಗಂದರೆ ಎಂಥ ಪುಕ್ಕಲನಿಗೂ ರೋಷ ಬರುತ್ತದೆ. "ನಾಯಿ ಏನು, ಉಲೀನೇ ತತ್ತೀನಿ, ನೋಡ್ತಿರು!" ಎಂದುಬಿಟ್ಟ ಕದಿರಪ್ಪ. ಅಂದಮೇಲೆ ಅವನಿಗೇ ಗಾಬರಿಯಾಯಿತು.

ಅಕ್ಕಯ್ಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಆಗ್ಲಿ ಕಣ್ಲಾ. ಇವತ್ತು ದೀಪ ಅಚ್ಚೋ ಒತ್ಗೆ ಕಳ್ಳನ್ನ ಕಂಡು ಬೊಗಳೋ ಅಂಥಾ ನಾಯಿ ಈ ಮನೇಲಿದ್ರೆ, ಮುನೇಶ್ವರನ ಆಣೆ, ತಪ್ಪಿಲ್ದೆ ನಿನ್ನ ಒಂದ್ ಮಾತೂ ಅನ್ನಲ್ಲ. ಇಲ್ದಿದ್ರೆ ನಾಳೆಯಿಂದ ನಿನ್ ಆಸಿಗೆ ಎಮ್ಮೆ ಕೊಟ್ಟಿಗೇಲಿ."

ಕೊಟ್ಟಿಗೆಯ ಮಾತು ಕದಿರಪ್ಪನ ಕಿವಿಗೆ ಹೋಗಲೇ ಇಲ್ಲ. ತಪ್ಪಿಲ್ಲದೆ ಒಂದು ಮಾತೂ ಅನ್ನುವುದಿಲ್ಲ! ಮುದ್ದೆ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳದಂಥ ಒಂದು ಊಟ, ಬೆಚ್ಚದೆ ಮಲಗುವ ಒಂದು ರಾತ್ರಿ. ಅವನಿಗೆ ಸ್ವರ್ಗವೆಂದರೆ ಅಷ್ಟೇ. ಟವಲನ್ನು ತಲೆಗೆ ಸುತ್ತಿ ಹೊರಟೇಬಿಟ್ಟ. ಆದಿಲಕ್ಷ್ಮಿ ಬಾಗಿಲವರೆಗೆ ಬಂದು ಮೆಲ್ಲಗೆ, "ಬಾವ, ಕಚ್ಚೋ ನಾಯಿ ಮಾತ್ರ ತರ್ಬ್ಯಾಡ. ಮೊದ್ಲು ನಿನ್ನೇ ಕಚ್ಚೀತು" ಎಂದಳು.

ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬ ಬಿಳಿಯ ದೊರೆಸಾನಿ ಬೀಡಾಡಿ ನಾಯಿಗಳನ್ನೆಲ್ಲ ತಂದು ತನ್ನ ಬಂಗಲೆಯ ಹಿಂದೆ ಸಾಕುತ್ತಿದ್ದಳು. ಜನ ಅದಕ್ಕೆ ನಾಯಿ ಛತ್ರ ಎಂದೇ ಹೆಸರಿಟ್ಟಿದ್ದರು. ಬೇಕಾದವರು ಹೋಗಿ ಕೇಳಿದರೆ ಪುಕ್ಕಟೆಯಾಗಿ ಒಂದು ನಾಯಿ ಕೊಡುತ್ತಿದ್ದಳು. ಕದಿರಪ್ಪ ಗಣಿಯ ರೈಲು ಹತ್ತಿ ಅಲ್ಲಿಗೆ ಹೋಗಿ ಇಳಿದ.

ಛತ್ರದ ಗೋಡೆಗೆ ಅಂಟಿಕೊಂಡೇ ಕಲ್ಲು ಕುಟ್ಟುವ ಮಿಲ್ಲು. ಗಣಿಯಿಂದ ಬಂದ ಚಿನ್ನದ ಕಲ್ಲನ್ನು ಕಬ್ಬಿಣದ ಒನಕೆಗಳು ಹಗಲು ರಾತ್ರಿಯೆನ್ನದೆ ದಢ ದಢ ದಢ ಎಂದು ಕುಟ್ಟುತ್ತಿದ್ದವು. ನೆಲ ನಡುಗುತ್ತಿತ್ತು, ಹಲ್ಲು ಕಟಕಟಿಸುತ್ತಿತ್ತು. ಛತ್ರದ ನಾಯಿಗಳನ್ನು ನೋಡಿಕೊಳ್ಳುವ ಆರುಮುಗಂ ಮೂರು ಮಾರು ದೂರದಲ್ಲಿದ್ದವನ ಜೊತೆಗೂ ಆಚೆ ಗುಡ್ಡದಲ್ಲಿದ್ದವನನ್ನು ಕರೆದ ಹಾಗೆ ಕೂಗಿ ಮಾತಾಡುತ್ತಿದ್ದ.

ಕದಿರಪ್ಪನನ್ನು ಕಂಡು ನಾಯಿಗಳೆಲ್ಲ ಬೇಲಿಗೆ ಹಾರಿದವು. ಅವನು ಹಿಂದಕ್ಕೆ ಹಾರಿದ. ಒಂದೇ ಒಂದು ನಾಯಿ ಮಾತ್ರ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟು, ಕಾಲ ಮೇಲೆ ಗಲ್ಲ ಇಟ್ಟು ಸುಖವಾಗಿ ಮಲಗಿತ್ತು. ಕಂದು ಬಣ್ಣ, ಗಟ್ಟಿ ಎದೆ. ಈ ಗುಡುಗಿನಲ್ಲಿ ಇಷ್ಟು ನಿಶ್ಚಿಂತೆಯಾಗಿ ಮಲಗಬೇಕಾದರೆ ಎಂಥ ಗುಂಡಿಗೆ ಇರಬೇಡ ಇದಕ್ಕೆ!

"ಇದರ ಎಸ್ರೇನಣ್ಣಾ?" ಎಂದು ಕೂಗಿದ.

ಆರುಮುಗಂ ಅರವವೂ ಕನ್ನಡವೂ ಬೆರೆತ ಮಾತಿನಲ್ಲಿ ಏನೇನೋ ಕೂಗಿ ಹೇಳಿದ. ಮಿಲ್ಲಿನ ಸದ್ದಿನಲ್ಲಿ ಕದಿರಪ್ಪನ ಕಿವಿಗೆ ಬಿದ್ದದ್ದು 'ಪುಲಿ' ಮತ್ತು 'ಬಯಂ ಜಾಸ್ತಿ', ಇವೆರಡೇ. ಅರವದಲ್ಲಿ, ಅಂದರೆ ತಮಿಳಿನಲ್ಲಿ, ಪುಲಿ ಎಂದರೆ ಹುಲಿ, ಅಷ್ಟು ಅವನಿಗೂ ಗೊತ್ತು. ಇದನ್ನು ಕಂಡರೆ ಜನಕ್ಕೆ ಭಯ ಜಾಸ್ತಿ! ಕೊಂಡಪ್ಪನ ಮುಖವನ್ನು ನೆನೆಸಿಕೊಂಡೇ ಅವನಿಗೆ ಹೊಟ್ಟೆ ತುಂಬಿತು.

ದೊರೆಸಾನಿ ಬಂದಳು. ಅವನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿದಳು. ಆರುಮುಗಂ ಅವನ ಕಿವಿಗೇ ಬಾಯಿಟ್ಟು ಅದನ್ನು ದಾಟಿಸಿದ: "ನಿನ್ ಮೂಂಜಿ ನೋಡಿದ್ರೆ ಒಡೆಯೋ ಆಳಲ್ಲ ಅಂತಾರೆ, ಸಾಮಿ. ತಗೊಂಡು ಓಗು. ಒಂದಿಕೊಳ್ಳದಿದ್ರೆ ಇಲ್ಲೇ ತಂದು ಬಿಡು, ಬೀದೀಲಿ ಮಾತ್ರ ಬಿಡ್ಬೇಡ."

ರೈಲು ಓಡುತ್ತಿರುವಷ್ಟು ಹೊತ್ತೂ ನಾಯಿ ಕಿಟಕಿಯ ಪಕ್ಕ ಜಮೀನ್ದಾರನಂತೆ ನೆಟ್ಟಗೆ ಕೂತಿತ್ತು. ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಮಾತ್ರ ಸರಕ್ಕನೆ ಬೆಂಚಿನ ಕೆಳಗೆ ನುಗ್ಗಿ ಅವನ ಕಾಲು ಅಪ್ಪಿಕೊಂಡು ನಡುಗಿತು. ಇಳಿಯುವ ಹತ್ತುವ ಜನರನ್ನು ಕಂಡು ಹೀಗೆ ಆಡುತ್ತದೆ ಎಂದುಕೊಂಡ ಕದಿರಪ್ಪ. ರೈಲು ಹೊರಟಿತು, ನಾಯಿ ಮತ್ತೆ ಮೇಲೆ ಬಂದು ಕೂತಿತು. ಬಂಗಾರಪೇಟೆಗೆ ಆಗಿನ್ನೂ ಬೌರಿಂಗ್‌ಪೇಟೆ ಎಂದು ಬೋರ್ಡಿದ್ದ ಕಾಲ. ಆ ಬೋರ್ಡಿನ ಕೆಳಗೆ ಇಬ್ಬರೂ ಇಳಿದರು. ರೈಲು ದೂರವಾಗಿ ಸುತ್ತಲೂ ಸದ್ದಡಗಿದ್ದೇ ತಡ, ನಾಯಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತು. ಎಳೆದರೆ ಬರಲಿಲ್ಲ, ರಮಿಸಿದರೆ ಏಳಲಿಲ್ಲ. ಕೊನೆಗೆ ಕದಿರಪ್ಪ ತನ್ನ ಹುಲಿಯನ್ನು ಕುರಿಮರಿಯಂತೆ ಹೆಗಲ ಮೇಲೆ ಹೊತ್ತುಕೊಂಡು ಊರಿನ ಹಾದಿ ಹಿಡಿದ.

ಅಕ್ಕಯ್ಯಮ್ಮ ಸಂತೆಗೆ ಹೋಗಿದ್ದಳು, ಅಷ್ಟು ಅವನ ಪುಣ್ಯ. ಜಗಲಿಯ ಮೇಲೆ ಕೊಂಡಪ್ಪನಿದ್ದ, ಅಷ್ಟು ಅವನ ಪಾಪ.

"ಏನಪ್ಪಾ, ಉಲಿ ಮೇಲೆ ನೀನು ಬರ್ತೀಯ ಅಂದ್ಕೊಂಡ್ರೆ ನಿನ್ ಮೇಲೆ ಉಲಿ ಬಂತಲ್ಲ!" ಎಂದ ಕೊಂಡಪ್ಪ.

ಇಳಿಸಿದ ಕೂಡಲೇ ನಾಯಿ ಒಳಗೆ ನುಗ್ಗಿ ರಾಗಿ ಕಣಜದ ಕೆಳಗೆ ತೂರಿಕೊಂಡಿತು. ಕೊಂಡಪ್ಪನೂ ಹಿಂದೆಯೇ ಬಂದು ಬಗ್ಗಿ ನೋಡಿದ. ಹಿಂದೊಮ್ಮೆ ಗಣಿಯಲ್ಲಿ ದುಡಿದಿದ್ದವನಾದ್ದರಿಂದ ಅವನಿಗೆ ಅರವ ಚೆನ್ನಾಗಿ ಬರುತ್ತಿತ್ತು. "ಪುಲೀ, ಪುಲೀ" ಎಂದು ಕರೆದ. ನಾಯಿ ಅಲುಗಲಿಲ್ಲ. ಅವನಿಗೇನು ಹೊಳೆಯಿತೋ, ನಾಲಿಗೆ ಮಡಿಸಿ "ಪುಳೀ" ಎಂದ. ಕಣಜದ ಕೆಳಗಿನ ಬಾಲ ಒಂದು ಸಲ ಅಲ್ಲಾಡಿತು.

"ಅಯ್ಯೋ ದಡ್ಡ! ಪುಲಿ ಅಂದ್ರೆ ಉಲಿ, ಪುಳಿ ಅಂದ್ರೆ ಉಣ್ಸೇಅಣ್ಣು. ನೀನು ತಂದಿರೋದು ಉಣ್ಸೇಅಣ್ಣು ಕಣಯ್ಯ! ಸಾರಿಗಾದ್ರೂ ಆಯ್ತದೆ ಬಿಡು" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಹೋದ.

ಹಾಗಾದರೆ ಭಯ ಜಾಸ್ತಿ ಎಂದದ್ದೂ ಬೇರೆಯವರಿಗಲ್ಲ, ಇದಕ್ಕೇ. ಕದಿರಪ್ಪ ನೆಲಕ್ಕೆ ಕೆನ್ನೆಯೊತ್ತಿ ಕಣಜದ ಕೆಳಗೆ ನೋಡಿದ. ಕತ್ತಲಲ್ಲಿ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಈ ಮನೆಗೆ ಬಂದ ಹೊಸತರಲ್ಲಿ ತಾನೂ ಇದೇ ಕಣಜದ ಪಕ್ಕ, ಯಾವ ಕಡೆ ಕಾಲು ಚಾಚಿದರೆ ತಪ್ಪಾಗುವುದೋ ಎಂದು ಮುದುರಿ ಕೂತಿದ್ದು ನೆನಪಾಯಿತು. ಅವನಿಗೆ ನಾಯಿಯ ಮೇಲೆ ಸಿಟ್ಟು ಬರಲಿಲ್ಲ, ಅಳು ಬಂತು. ಕೈ ಚಾಚಿದ. ಸ್ವಲ್ಪ ಹೊತ್ತಿಗೆ ಒದ್ದೆ ಮೂಗೊಂದು ಅವನ ಅಂಗೈಗೆ ಬಂದು ತಗುಲಿತು.

"ಬಾವ, ಇದನ್ನ ವಾಪಸ್ ಬಿಡ್ಬ್ಯಾಡ" ಎಂದಳು ಆದಿಲಕ್ಷ್ಮಿ, ತಾನೂ ಅವನ ಪಕ್ಕ ನೆಲಕ್ಕೆ ಕೆನ್ನೆಯೊತ್ತಿ.

ಅಕ್ಕಯ್ಯಮ್ಮ ತಲೆಯ ಮೇಲೆ ಸಂತೆಯ ಹೊಸ ಮಡಕೆ ಹೊತ್ತು ಒಳಗೆ ಕಾಲಿಟ್ಟಾಗ ಕಂಡದ್ದು ನೆಲದ ಮೇಲೆ ಬೋರಲು ಬಿದ್ದ ಮಗಳು ಅಳಿಯ. ಸಂಗತಿ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಡಕೆ ಇಳಿಸಿ ಬಾಯಿ ತೆರೆದಳು.

"ಉಲಿ ತತ್ತೀನಿ ಅಂತ ಓದೋನು ಉಣ್ಸೇಅಣ್ಣು ತಂದ್ಯಲ್ಲೋ! ಕಣಜದ ಕೆಳ್ಗೆ ಕೂತು ಇಲಿ ಕಾಯಾಕಾ? ನನ್ ತಮ್ಮನ ಒಟ್ಟೇಲಿ ಎಂಗೆ ಉಟ್ಟಿದ್ಯೋ ನೀನು!"

ಆಕೆಯ ದನಿ ಏರಿತು. ಅಟ್ಟದ ಮೇಲಿನ ಪಾತ್ರೆಗಳು ಸಣ್ಣಗೆ ಗುಂಯ್‌ಗುಟ್ಟಿದವು. ಕಣಜದ ಕೆಳಗಿನಿಂದ ಮೊದಲು ಒಂದು ಮೂಗು ಬಂತು, ಆಮೇಲೆ ಎರಡು ಕಿವಿ, ಆಮೇಲೆ ಇಡೀ ನಾಯಿ. ಮೈ ಕೊಡವಿ, ಬಾಲ ನೆಟ್ಟಗೆ ಮಾಡಿ, ಕುಲದೇವರು ಸಿಕ್ಕಂತೆ ಅಕ್ಕಯ್ಯಮ್ಮನನ್ನೇ ನೋಡುತ್ತ ಆಕೆಯ ಪಕ್ಕ ನಿಂತಿತು. ಆಮೇಲೆ ಬಾಗಿಲ ಕಡೆ ತಿರುಗಿ ಒಂದು ಸಲ ಮೂಸಿ, ಬೌ ಎಂದು ಹಾರಿ ಕೊಂಡಪ್ಪನ ಕಂಬಳಿಗೆ ಬಾಯಿ ಹಾಕಿತು. ಬೈಗುಳದ ಮಜಾ ನೋಡಲು ಅವನು ಬಾಗಿಲಲ್ಲೇ ನಿಂತಿದ್ದ.

"ಇಡ್ಕೊಳ್ರೋ! ಸಾಯಿಸ್ತದೆ!" ಎಂದ ಕೊಂಡಪ್ಪ.

"ಕೊಕ್ಕೊಕ್ಕೋ" ಎಂದಿತು ಕಂಬಳಿ.

ಹರಿದ ಕಂಬಳಿಯೊಳಗಿಂದ ಅಕ್ಕಯ್ಯಮ್ಮನ ಚುಕ್ಕೆ ಕೋಳಿ ರೆಕ್ಕೆ ಬಡಿಯುತ್ತ ಹೊರಬಂತು. ಮನೆಯವರೆಲ್ಲ ಕಣಜದ ಕೆಳಗೆ ಇಣುಕುತ್ತಿದ್ದಾಗ ಹಿತ್ತಲಿಗೆ ಹೋಗಿ ಕೆಲಸ ಮುಗಿಸಿಕೊಂಡು ಬಂದಿದ್ದ ಮಹಾರಾಯ. ನೆಟ್ಟಗೆ ಮನೆಗೆ ಹೋಗಿದ್ದರೆ ಆಗುತ್ತಿತ್ತು, ಆದರೆ ಬಗಲಲ್ಲಿ ಕೋಳಿ ಇದ್ದರೂ ತಮಾಷೆ ಬಿಟ್ಟು ಹೋಗಲು ಅವನಿಗೆ ಮನಸ್ಸಾಗಿರಲಿಲ್ಲ.

"ಚಳಿಗೆ ಬೆಚ್ಚಗಿರ್ಲಿ ಅಂತ..." ಎಂದು ಏನೋ ಹೇಳಹೋದ. ಮುಂದೆ ಅಕ್ಕಯ್ಯಮ್ಮ ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆವತ್ತಿನಿಂದ ಕೊಂಡಪ್ಪ ಆ ಜಗಲಿ ಹತ್ತಲಿಲ್ಲ.

ಅಕ್ಕಯ್ಯಮ್ಮ ಕೊಟ್ಟ ಮಾತಿಗೆ ತಪ್ಪುವವಳಲ್ಲ. ದೀಪ ಹಚ್ಚಿ, ಮುನೇಶ್ವರನ ದಿಕ್ಕಿಗೆ ಕೈ ಮುಗಿದು, ಅಳಿಯನ ತಟ್ಟೆಗೆ ತಾನೇ ತುಪ್ಪ ಹಾಕಿದಳು. ಒಂದು ಮಾತೂ ಆಡಲಿಲ್ಲ. ಮನೆ ಎಷ್ಟು ಸದ್ದಡಗಿತೆಂದರೆ ಕದಿರಪ್ಪ ನುಂಗಿದ್ದು ಅವನಿಗೇ ಕೇಳಿಸಿತು. ಸ್ವರ್ಗ ಸಿಕ್ಕಿತು ಎಂದು ಎರಡನೆಯ ತುತ್ತು ಎತ್ತಿದ. ಅಷ್ಟರಲ್ಲಿ ಪುಳಿ ಕುಂಯ್ ಎಂದು ಬಾಲ ಮಡಚಿ ಮತ್ತೆ ಕಣಜದ ಕೆಳಗೆ ತೂರಿಕೊಂಡಿತು. ಕಣಜವೇ ನಡುಗುವ ಹಾಗೆ ನಡುಗತೊಡಗಿತು.

ಹೊಲದ ಕಡೆ ನರಿ ಊಳಿಟ್ಟಿತು. ನಾಯಿ ಉಸಿರೆತ್ತಲಿಲ್ಲ.

"ಅಳಿಯಂದ್ರೇ," ಎಂದಳು ಅಕ್ಕಯ್ಯಮ್ಮ, ಬೆಣ್ಣೆಯಂಥ ದನಿಯಲ್ಲಿ. "ಎಂಗೋ ಒಂದ್ಸಲ ಬೊಗಳ್ತು. ದಿನಾ ಇಂಗೆ ನಡುಗ್ತಿದ್ರೆ ಪಾಪ, ಅದರ ಜೀವಕ್ಕೂ ಇಂಸೆ. ನಾಳೆ ಓಗಿ ದೊರೆಸಾನಿಗೇ ಬಿಟ್ ಬಂದ್ಬಿಡಿ."

ಕದಿರಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಮಿಲ್ಲಿನ ಗೋಡೆಗೆ ಒರಗಿ ನಿದ್ದೆ, ಓಡುವ ರೈಲಿನಲ್ಲಿ ಠೀವಿ, ನಿಂತ ರೈಲಿನಲ್ಲಿ ನಡುಕ, ಎಲ್ಲವೂ ಒಟ್ಟಿಗೆ ಹೊಳೆಯಿತು. ಎಲ್ಲ ನಾಯಿಗೂ ಸದ್ದೆಂದರೆ ಭಯ. ಗುಡುಗಿನ ಮಗ್ಗುಲಲ್ಲೇ ಬೆಳೆದ ಈ ಬಡಪಾಯಿಗೆ ಸದ್ದಿಲ್ಲದಿದ್ದರೆ ಭಯ!

ಎದ್ದು ಒನಕೆ ಹಿಡಿದು ಬರಿಯ ಒರಳನ್ನು ಕುಟ್ಟತೊಡಗಿದ. ಪುಳಿ ಈಚೆಗೆ ಬಂದು ಬಾಲ ಅಲ್ಲಾಡಿಸಿತು. ಕುಟ್ಟಿ ಕುಟ್ಟಿ ರಟ್ಟೆ ಬಿದ್ದುಹೋದವು. ನಿಲ್ಲಿಸಿದ, ಪುಳಿ ಒಳಗೆ. ಒನಕೆಯನ್ನು ಗೋಡೆಗೆ ಒರಗಿಸಿ ಕದಿರಪ್ಪ ಅತ್ತೆಯ ಕಡೆ ನೋಡಿದ. ಒನಕೆಗೆ ಎರಡು ರಟ್ಟೆ ಬೇಕು. ಅತ್ತೆಯ ಬಾಯಿಗೆ ಆಯಾಸವೆಂಬುದೇ ಗೊತ್ತಿಲ್ಲ. ಸ್ವರ್ಗ ಇನ್ನೂ ತಟ್ಟೆಯಲ್ಲಿ ಬಿಸಿಯಾಗಿಯೇ ಇತ್ತು. ಆದರೆ ಕಣಜದ ಕೆಳಗೆ ಆ ಎರಡು ಕಣ್ಣೂ ಇದ್ದವು.

"ಅತ್ತೆ, ನಿನ್ ಕಾಲಿಗೆ ಬೀಳ್ತೀನಿ. ನನ್ನ ಬೈಯಿ!"

ಅಕ್ಕಯ್ಯಮ್ಮ ಹೌಹಾರಿದಳು. ಕದಿರಪ್ಪ ವಿವರಿಸಿದ. ಆಕೆ ನಾಯಿಯನ್ನೂ ಅಳಿಯನನ್ನೂ ಬದಲಿಸಿ ಬದಲಿಸಿ ನೋಡಿದಳು. ಕಣ್ಣಂಚು ಒದ್ದೆಯಾಯಿತು. ಆದರೂ ಆಗದೆಂದು ತಲೆಯಾಡಿಸಿದಳು. "ಎಂಗೆ ಬೈಲೋ? ತಪ್ಪಿಲ್ದೆ ಅನ್ನಲ್ಲ ಅಂತ ಮುನೇಶ್ವರನ ಮೇಲೆ ಆಣೆ ಮಾಡಿದೀನಿ. ಇವತ್ತು ನೀನು ಏನ್ ತಪ್ಪು ಮಾಡಿದೀಯ?"

ಕದಿರಪ್ಪ ಸುತ್ತಲೂ ನೋಡಿದ. ಮೂಲೆಯಲ್ಲಿ ಸಂತೆಯ ಹೊಸ ಮಡಕೆ ಕಂಡಿತು. ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ನೆಲಕ್ಕೆ ಅಪ್ಪಳಿಸಿದ.

ಆಮೇಲೆ ಎದ್ದ ಗುಡುಗಿಗೆ ಪುಳಿ ಬಾಲವೆತ್ತಿ ಹೊರಗೋಡಿತು, ಗೂಡಿನ ಮುಂದೆ ನಿಂತು ನರಿಯಿದ್ದ ದಿಕ್ಕಿಗೆ ಸಿಂಹದಂತೆ ಬೊಗಳಿತು.

ಅಂದಿನಿಂದ ಆ ಮನೆಯಲ್ಲಿ ಒಂದು ಕೋಳಿಯೂ ಕಳುವಾಗಿಲ್ಲ. ಕದಿರಪ್ಪನ ಪಾಡು ಮಾತ್ರ ಮೊದಲಿಗಿಂತ ಕಷ್ಟ. ಮೊದಲು ತಪ್ಪುಗಳು ತಾವಾಗಿ ಆಗುತ್ತಿದ್ದವು, ಈಗ ದಿನಕ್ಕೊಂದನ್ನು ಕೂತು ಯೋಚಿಸಿ ಮಾಡಬೇಕು. ಅಕ್ಕಯ್ಯಮ್ಮನ ಬೈಗುಳದಲ್ಲಿ ಹಿಂದಿನ ಖಾರವಿಲ್ಲ, ನಡುನಡುವೆ ನಗು ಬಂದುಬಿಡುತ್ತದೆ ಎಂದು ಊರಿನವರು ಹೇಳುತ್ತಾರೆ. ಸಂಜೆ ದೀಪ ಹಚ್ಚುವಾಗ ಆದಿಲಕ್ಷ್ಮಿ ಗಂಡನ ಕಿವಿಯಲ್ಲಿ ಕೇಳುತ್ತಾಳೆ.

"ಬಾವ, ಇವತ್ತಿಗೆ ಏನ್ ತಪ್ಪು?"

"ನಿಮ್ಮಮ್ಮನ ಎಲೆಅಡ್ಕೆ ಚೀಲ ಅಟ್ಟದ ಮೇಲೆ ಬಚ್ಚಿಟ್ಟಿದೀನಿ."

ಅವನ ಕಾಲ ಮೇಲೆ ಗಲ್ಲವಿಟ್ಟು ಮಲಗಿದ ಪುಳಿ ಅಡುಗೆಮನೆಯ ಕಡೆಗೆ ಕಿವಿ ನಿಮಿರಿಸುತ್ತದೆ. ಇಬ್ಬರೂ ಕಾಯುತ್ತಾರೆ.