ಹೆಪ್ಪು ಕೇಳಲು ಬಂದ ದೆವ್ವ

ನಾನು ಧೈರ್ಯವಂತನಲ್ಲ. ಐವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಉಳಿದಿಲ್ಲ. ಎಲ್ಲಕ್ಕೂ ಮೂಲ, ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದ ಹೆಪ್ಪಿನ ದೆವ್ವದ ಹಳೇ ಕಥೆ. ದೀಪ ಹಚ್ಚಿದ ಹೊತ್ತಿಗೆ ಬಾಗಿಲಾಚೆ ಒಬ್ಬಳು ಬಂದು ನಿಲ್ಲುತ್ತಾಳೆ. ಕಾಣುವುದಿಲ್ಲ, ಬಟ್ಟಲಿಗೆ ಬೆರಳು ತಟ್ಟುವ ಟಿಕ್ ಟಿಕ್ ಮಾತ್ರ ಕೇಳುತ್ತದೆ. ‘ಒಂದು ಚಮಚ ಹೆಪ್ಪು ಕೊಡ್ತೀರಾ?’ ಕೊಟ್ಟರೆ ಮುಗಿಯಿತು. ಆ ಮನೆಯಲ್ಲಿ ಮತ್ತೆ ಹಾಲು ಹೆಪ್ಪಾಗುವುದಿಲ್ಲ, ಮನೆಯವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ದೀಪ ಹಚ್ಚಿದ ಮೇಲೆ ಮೊಸರು ಹೊರಗೆ ಕೊಡಬಾರದೆಂಬ ಶಾಸ್ತ್ರವನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಹಿಂದಿ ಸೀಮೆಯ ಈ ಪೀತಮ್‌ಪುರದಲ್ಲೇ ಹುಟ್ಟಿ ಬೆಳೆದ ಮಗಳು ಅನಘಾಗೆ ಈ ಕಥೆ ಕೇಳಿದರೆ ಆಕಳಿಕೆ ಬರುತ್ತದೆ. ಅವಳನ್ನು ಒಮ್ಮೆಯಾದರೂ ಹೆದರಿಸಬೇಕೆಂಬುದು ನನ್ನ ಬಹುದಿನದ ಆಸೆ. ಅಮ್ಮನಿಂದ ನನಗೆ ಬಂದದ್ದು, ನಾನು ಅವಳಿಗೆ ದಾಟಿಸಬೇಕಾದದ್ದು ಅದೊಂದೇ. ಹೀಗಿರುವಾಗ ಯಾರೋ ಪುಣ್ಯಾತ್ಮ ಇದೇ ಕಥೆಯನ್ನು ಹಿಂದಿಯಲ್ಲಿ ಸಿನಿಮಾ ಮಾಡಿದ. ಭಾನುವಾರ ಮಧ್ಯಾಹ್ನದ ಆಟಕ್ಕೆ ಮಗಳನ್ನೂ ಎದುರು ಮನೆಯ ಗುಪ್ತಾ ಆಂಟಿಯನ್ನೂ ಎಳೆದುಕೊಂಡು ಹೋದೆ.

ಏನು ಹೇಳಲಿ! ಕಾಣಬಾರದ ದೆವ್ವ ಮೊದಲ ದೃಶ್ಯದಲ್ಲೇ ಹುಬ್ಬು ತೀಡಿಸಿಕೊಂಡು ಎದುರಿಗೆ ನಿಂತಿತು. ಹೆಪ್ಪು ಕೇಳಬೇಕಾದವಳು ಹೆಪ್ಪನ್ನು ಮರೆತು ಹಿಮದ ಬೆಟ್ಟದ ಮೇಲೆ ಕುಣಿದಳು. ಕೊನೆಗೆ ನಾಯಕ ಒಂದು ಟ್ಯಾಂಕರ್ ಮಜ್ಜಿಗೆ ಸುರಿದು ಅವಳಿಗೆ ಮೋಕ್ಷ ಕೊಟ್ಟ. ‘ಪಪ್ಪಾ, ಇವಳು ಆ್ಯಪ್‌ನಲ್ಲಿ ದಹಿ ಆರ್ಡರ್ ಮಾಡಬಹುದಿತ್ತಲ್ವಾ?’ ಎಂದಳು ಮಗಳು. ನನಗೆ ಅಳುವೇ ಬಂತು. ಕಥೆಯ ಮರ್ಯಾದೆ ಉಳಿಸಲು, ಮೆಟ್ರೋದಲ್ಲಿ ವಾಪಸು ಬರುವಾಗ ಇಬ್ಬರಿಗೂ ನಿಜವಾದ ಕಥೆಯನ್ನು ಟಿಕ್ ಟಿಕ್ ಸಮೇತ ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ಮಗಳು ಮೊಬೈಲಿನಿಂದ ತಲೆಯೆತ್ತಲಿಲ್ಲ. ಆಂಟಿ ‘ಅಚ್ಛಾ’ ಎಂದರು, ಅಷ್ಟೆ. ಆ ಸಿಟ್ಟಿಗೆ ಮನೆಗೆ ಬಂದವನೇ ಪಾತ್ರೆಯಲ್ಲಿದ್ದ ಮೊಸರನ್ನೆಲ್ಲ ಬಳಿದು ತಿಂದೆ.

ಮರುದಿನ ಸಂಜೆ ಹೆಂಡತಿ ಸುಮಾ ಕೈಗೆ ಸ್ಟೀಲಿನ ಬಟ್ಟಲು ಕೊಟ್ಟಳು. ‘ಹೆಪ್ಪಿಗೂ ಉಳಿಸಿಲ್ಲ ನೀವು. ಆಂಟಿ ಹತ್ರ ಒಂದು ಚಮಚ ಇಸ್ಕೊಂಡು ಬನ್ನಿ.’

‘ದೀಪ ಹಚ್ಚಿದ ಹೊತ್ತಲ್ಲಿ...’

‘ಅವರಿಗೆ ಆ ಶಾಸ್ತ್ರ ಇಲ್ಲ ಕಣ್ರೀ, ಹೋಗಿ!’

ಹೋಗಿ ಗಂಟೆ ಒತ್ತಿದೆ. ನಮ್ಮ ಮಹಡಿಯ ಬಲ್ಬು ಕೆಟ್ಟು ವಾರವಾಗಿತ್ತು. ಒಳಗಿನಿಂದ ಅಗರಬತ್ತಿಯ ವಾಸನೆ ಬರುತ್ತಿತ್ತು. ಕೈ ಸುಮ್ಮನಿಟ್ಟುಕೊಂಡು ಕಾಯುವ ಜಾಯಮಾನ ನನ್ನದಲ್ಲ. ಬೆರಳು ತಾನಾಗಿ ಬಟ್ಟಲಿನ ಮೇಲೆ ಆಡತೊಡಗಿತು. ಟಿಕ್ ಟಿಕ್.

‘ಕೌನ್?’ ಎಂದಿತು ಒಳಗಿನ ದನಿ, ತೀರ ಸಣ್ಣಗೆ.

‘ಥೋಡಾ ಜಾಮನ್...’ ಎಂದೆ. ಹೆಪ್ಪಿಗೆ ಇಲ್ಲಿ ಹಾಗನ್ನುತ್ತಾರೆ.

ಒಳಗೆ ಪಾತ್ರೆಯೊಂದು ಉರುಳಿತು. ಬಾಗಿಲಿಗೆ ಎರಡನೆಯ ಚಿಲಕವೂ ಬಿತ್ತು. ‘ದಹಿ ನಹೀ ಹೈ! ದೂಧ್ ಭೀ ನಹೀ ಹೈ! ಘರ್ ಮೇ ಕೋಯೀ ಭೀ ನಹೀ ಹೈ!’ ಎಂದು ಮೊಸರು, ಹಾಲು, ಕೊನೆಗೆ ಮನೆಯಲ್ಲಿ ಯಾರೂ ಇಲ್ಲವೆಂದೇ ಕಿರುಚಿದ ಆಂಟಿ, ಗಟ್ಟಿಯಾಗಿ ಭಜನೆ ಶುರುಮಾಡಿದರು.

ತಿರುಗಿ ನೋಡಿದರೆ ನಮ್ಮ ಬಾಗಿಲಲ್ಲಿ ಮಗಳು ಬಿಳಿಚಿಕೊಂಡು ನಿಂತಿದ್ದಳು. ‘ಪಪ್ಪಾ, ಪ್ಲೀಸ್, ಬಂದ್ ಕರೋ ನಾ!’ ಎಂದು ನನ್ನ ಕೈ ತೋರಿಸಿದಳು. ನಾನಿನ್ನೂ ತಟ್ಟುತ್ತಲೇ ಇದ್ದೆ.

ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ನಡೆದೆ. ‘ಅಷ್ಟು ದೊಡ್ಡ ಸಿನಿಮಾದ ಕೈಲಿ ಆಗದ್ದು ನನ್ನ ಕೈಲಿ ಆಯ್ತು ಕಣೇ. ಅಮ್ಮನ ಕಥೆ ಗೆದ್ದಿತು!’

ಸುಮಾ ಖಾಲಿ ಬಟ್ಟಲನ್ನೂ ನನ್ನನ್ನೂ ಒಮ್ಮೆ ನೋಡಿದಳು. ‘ಸರಿ. ನಾಳೆ ಅನ್ನಕ್ಕೆ ಆ ಕಥೇನೇ ಕಲಸ್ಕೊಳ್ಳಿ.’