ಅರ್ಬಾಬರ ಬಂದೂಕಿಗೆ ನಾನು ಎಣ್ಣೆ ಹಚ್ಚಿದ್ದು

ಬಂದೂಕಿನ ವಿಷಯದಲ್ಲಿ ನನ್ನನ್ನು ಮೀರಿಸುವ ಹೆಂಗಸು ಮಸ್ಕತ್ತಿನಿಂದ ಸಲಾಲಾದವರೆಗೆ ಇನ್ನೊಬ್ಬಳಿಲ್ಲ ಎಂದು ಕಳೆದ ನವೆಂಬರಿನಲ್ಲಿ ನಾನು ಘೋಷಿಸಿದೆ. ಘೋಷಿಸಿದ್ದು ಊಟದ ಮೇಜಿನಲ್ಲಿ, ಬಾಯಲ್ಲಿ ನೀರುದೋಸೆ ಇರುವಾಗ. ಆದರೂ ಘೋಷಣೆ ಘೋಷಣೆಯೇ!

ಕೇಳಿದವರು ಮೂವರು. ಮಗ ಲಕ್ಷಿತ್, ಸೊಸೆ ಸೌಮ್ಯಶ್ರೀ, ಮತ್ತೆ ಅರ್ಬಾಬ್ ಖಲ್ಫಾನ್. ಅರ್ಬಾಬ್ ಎಂದರೆ ಲಕ್ಷಿತನ ಧಣಿ. ವಾದಿ ಅದಾಯ್‌ನಲ್ಲಿರುವ ಅವರ ಟೈಲ್ಸ್ ಶೋರೂಮನ್ನು ನನ್ನ ಮಗ ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದಾನೆ. ತಿಂಗಳಿಗೊಮ್ಮೆ ಅಲ್ ಅಜೈಬಾದ ನಮ್ಮ ಫ್ಲ್ಯಾಟಿಗೆ ನೀರುದೋಸೆ, ಕೋಳಿಸಾರು ಉಣ್ಣಲು ಅವರು ಬರುವುದು ರೂಢಿ. ನಮ್ಮೊಡನೆ ಹಿಂದಿಯಲ್ಲಿ ಮಾತು. ನನ್ನ ಹಿಂದಿಯೂ ಅವರ ಹಿಂದಿಯೂ ಶಾಲೆಗೆ ಹೋದವಲ್ಲ; ಅದಕ್ಕೇ ಒಂದಕ್ಕೊಂದು ಚೆನ್ನಾಗಿ ಅರ್ಥವಾಗುತ್ತವೆ. ನನ್ನನ್ನು ಅವರು ಕರೆಯುವುದು "ಉಮ್ಮ್ ಲಕ್ಷಿತ್" ಎಂದು, ಅಂದರೆ ಲಕ್ಷಿತನ ತಾಯಿ. ಊರಿನಲ್ಲಿ ಇಂಥವರ ಹೆಂಡತಿ, ಇಲ್ಲಿ ಇಂಥವನ ತಾಯಿ. ಉಮಾವತಿ ಎಂದು ನನ್ನ ಹೆಸರು ಹಿಡಿದು ಕರೆಯುವುದು ಏರ್‌ಪೋರ್ಟಿನ ಆಫೀಸರು ಮಾತ್ರ.

ಅರ್ಬಾಬರಿಗೆ ಎಪ್ಪತ್ತನಾಲ್ಕು. ಬರ್ಕಾದ ಆಚೆ ಅವರದೊಂದು ತೋಟ, ತೋಟದ ಹಿಂದೆ ಕಲ್ಲುಗುಡ್ಡ. ಅನುಮತಿ ಪಡೆದು ಗೌಜಲಹಕ್ಕಿ ಸಾಕಿ, ಪ್ರತಿ ಚಳಿಗಾಲ ಅವನ್ನು ಗುಡ್ಡಕ್ಕೆ ಬಿಟ್ಟು, ತಾವೇ ಹತ್ತಿ ಹೋಗಿ ಹೊಡೆಯುವುದು ಅವರ ಹಳೆಯ ಹುಚ್ಚು. ಆದರೆ ಆ ವರ್ಷ ಮೆಟ್ಟಿಲಿನಿಂದ ಬಿದ್ದು ಬಲಗಡೆಯ ಹೆಗಲು ಮುರಿದಿತ್ತು. ಹಳೆಯ ಭಾರದ ಬಂದೂಕು ಈಗ ಎತ್ತಲಾಗುತ್ತಿರಲಿಲ್ಲ.

"ಯಾಕೂಬ್ ಹೇಳಿದ್ದಾನೆ," ಎಂದರು ಅವರು. ಯಾಕೂಬ್ ಅವರ ಹಿರಿಮಗ. "ಈ ಸಲ ನನಗೆ ಪರೀಕ್ಷೆಯಂತೆ. ಗುಡ್ಡ ಹತ್ತಬೇಕು. ಹಕ್ಕಿ ಎದ್ದಾಗ ಸಾಲಾಗಿ ಎರಡು ಈಡು ಸರಿಯಾಗಿ ಹೊಡೆಯಬೇಕು. ಆಗದಿದ್ದರೆ ಖಲಾಸ್. ಲೈಸೆನ್ಸ್ ವಾಪಸ್ ಕೊಡುವುದು, ಮನೆಯಲ್ಲಿ ಕೂರುವುದು."

ಹೇಳುವಾಗ ಅವರು ನಗುತ್ತಿದ್ದರು. ಕೈ ಮಾತ್ರ ದೋಸೆಯನ್ನು ಸುಮ್ಮನೆ ಹರಿಯುತ್ತಿತ್ತು, ಬಾಯಿಗೆ ಹೋಗುತ್ತಿರಲಿಲ್ಲ.

"ಎಲ್ಲಕ್ಕಿಂತ ಹಗುರದ್ದು ತೆಗೆದುಬಿಡಿ ಅರ್ಬಾಬ್," ಎಂದ ಲಕ್ಷಿತ್. ಮೂರು ದಿನ ಫೋನಿನಲ್ಲಿ ಬಂದೂಕಿನ ವಿಡಿಯೋ ನೋಡಿ ಪಂಡಿತನಾಗಿದ್ದ.

"ಹಗುರ ಹಗುರ ಅಂತ ಹೇಳಿದ್ರೆ ಆಯ್ತಾ? ಹಗುರದ ಕೋವಿ ಕತ್ತೆ ಒದ್ದ ಹಾಗೆ ಹೆಗಲಿಗೆ ಒದೀತದೆ ಮಾರಾಯ!" ಎಂದೆ ನಾನು.

ಮೂವರೂ ನನ್ನತ್ತ ತಿರುಗಿದರು. ಆಗಲೇ ಆ ಘೋಷಣೆ ಹೊರಬಿದ್ದದ್ದು.

"ಅತ್ತೆ, ನಿಮಗೆ ಗ್ಯಾಸ್ ಲೈಟರ್ ಒತ್ಲಿಕ್ಕೇ ಹೆದರಿಕೆ," ಎಂದಳು ಸೌಮ್ಯಶ್ರೀ.

"ಅದು ಬೇರೆ, ಇದು ಬೇರೆ. ಮೂವತ್ತಾರು ವರ್ಷ ಒಂದು ಕೋವಿಯೊಟ್ಟಿಗೆ ಸಂಸಾರ ಮಾಡಿದವಳು ನಾನು!"

ಅದು ಸುಳ್ಳಲ್ಲ. ನಮ್ಮವರಿಗೆ ಒಂಟಿ ನಳಿಗೆಯ ತೋಟೆ ಕೋವಿ ಇತ್ತು. ಗದ್ದೆಗೆ ಇಳಿಯುವ ಹಂದಿಗಳನ್ನು ಓಡಿಸಲೆಂದು ಸರಕಾರ ಲೈಸೆನ್ಸ್ ಕೊಟ್ಟದ್ದು. ಹಂದಿಗಳು ಆ ಕೋವಿಗೆ ಹೆದರಿದ್ದನ್ನು ನಾನು ಕಂಡಿಲ್ಲ. ಆದರೆ ಗೇರುಗುಡ್ಡೆಯ ಕಾಡುಕೋಳಿಗಳು ಆಗೀಗ ನಡುವೆ ಸಿಕ್ಕಿ ನಮ್ಮ ಸಾರಿಗೆ ಬೀಳುತ್ತಿದ್ದವು. "ಕೋವಿಗೆ ಕಣ್ಣಿಲ್ಲವಲ್ಲ," ಎನ್ನುತ್ತಿದ್ದರು ನಮ್ಮವರು, ಬಹಳ ಬೇಸರದ ಮುಖ ಮಾಡಿಕೊಂಡು.

ಅರ್ಬಾಬರು ನನ್ನನ್ನು ಗಂಭೀರವಾಗಿ ನೋಡಿದರು. "ಯಲ್ಲಾ, ಆಗಲಿ, ಉಮ್ಮ್ ಲಕ್ಷಿತ್. ನೀವೇ ಆರಿಸಿ."

ಹೀಗೆ ಒಂದು ಶನಿವಾರ ನಾನು ಇಳಕಲ್ ಸೀರೆ ಉಟ್ಟು, ಅರ್ಬಾಬರನ್ನೂ ಲಕ್ಷಿತನನ್ನೂ ಹಿಂದಿಟ್ಟುಕೊಂಡು ಬಂದೂಕಿನ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯಲ್ಲಿದ್ದವನು ನಮ್ಮ ಕಡೆಯ ಹುಡುಗ, ಜಾಯ್ಸನ್. ನನ್ನನ್ನು ಕಂಡವನೇ, "ಬಾಯಿ, ಮೀನು ಹಿಡಿಯುವ ಗಾಳ ಈಚೆ ಬದಿ," ಎಂದ. ಬಾಯಿ ಎಂದರೆ ಅವರ ಕೊಂಕಣಿಯಲ್ಲಿ ಅಕ್ಕ.

"ಗಾಳ ನಿನ್ನ ಹತ್ರವೇ ಇರಲಿ. ಗೌಜಲಹಕ್ಕಿ ಹೊಡೀಲಿಕ್ಕೆ ಕೋವಿ ತೋರಿಸು!"

ಅವನು ಮೂರು ತೆಗೆದಿಟ್ಟ. ಮೂರೂ ಸೆಮಿ ಆಟೋಮ್ಯಾಟಿಕ್. ಅಂದರೆ ಒಮ್ಮೆ ಟ್ರಿಗರಿನ ಕುದುರೆ ಒತ್ತಿದರೆ ಒಂದು ಈಡು. ಖಾಲಿ ತೋಟೆಯನ್ನು ಅದೇ ಉಗುಳಿ, ಮುಂದಿನದನ್ನು ಅದೇ ನುಂಗಿಕೊಳ್ಳುತ್ತದೆ. ನಮ್ಮವರ ಕೋವಿಗೆ ಪ್ರತಿ ಸಲವೂ ಕೈಯಾರೆ ಉಣಿಸಬೇಕಿತ್ತು. ಇದು ಉಂಡು ಕೈ ತೊಳೆದುಕೊಳ್ಳುವ ಜಾತಿ.

ಮೊದಲನೆಯದು ಮೂರೂಕಾಲು ಕಿಲೋ. ಅರ್ಬಾಬರು ಎತ್ತಿದರು, ಮುಖ ಹಿಂಡಿತು. ಬೇಡ. ಎರಡನೆಯದು ಎರಡು ಕಿಲೋ ನಾನೂರು ಗ್ರಾಂ, ಹುಲ್ಲುಕಡ್ಡಿ. ಲಕ್ಷಿತ್ ಕುಣಿದ, "ಇದೇ, ಇದೇ!"

"ಇದಕ್ಕೆ ಒದೆತ ಎಷ್ಟುಂಟು?" ಎಂದು ಕೇಳಿದೆ.

ಜಾಯ್ಸನ್ ತಲೆ ಕೆರೆದುಕೊಂಡ. "ಒದೆತ ಸ್ವಲ್ಪ ಉಂಟು ಬಾಯಿ. ಮೂರನೆಯದು ಒಂದು ಮುನ್ನೂರು ಗ್ರಾಂ ಹೆಚ್ಚು. ಆದ್ರೆ ಹೊಗೆಯ ಒತ್ತಡದಲ್ಲೇ ಒಳಗಿನ ಕೊಂತ, ಅಂದ್ರೆ ಪಿಸ್ಟನ್, ಹಿಂದೆ ಮುಂದೆ ಹೋಗ್ತದೆ. ಒದೆತದ ಅರ್ಧ ಅದೇ ತಿಂತದೆ. ಸಣ್ಣ ತೋಟೆ ಬೇರೆ. ಹೆಗಲಿಗೆ ಸುಖ."

ನಾನು ಅರ್ಬಾಬರ ಕಣ್ಣು ಮುಚ್ಚಿಸಿದೆ. ಕಣ್ಣು ಮುಚ್ಚಿ ಹೆಗಲಿಗೆ ಏರಿಸಬೇಕು, ತೆರೆದಾಗ ನಳಿಗೆಯ ತುದಿಯ ಮಣಿ ನೇರ ಕಂಡರೆ ಕೋವಿ ನಮ್ಮದು. ನಮ್ಮವರ ಪಾಠ. ಮೂರನೆಯದರಲ್ಲಿ ಮಣಿ ನೇರ ಕಂಡಿತು. ಅಷ್ಟಕ್ಕೆ ಬಿಟ್ಟೆನೇ? ಅದನ್ನು ಹೊರಿಸಿ ಅಂಗಡಿಯ ಉದ್ದಕ್ಕೂ ಹನ್ನೆರಡು ಸಲ ನಡೆಸಿದೆ. ಗಿರಾಕಿಗಳು ಗಾಳ ಬಿಟ್ಟು ನಮ್ಮನ್ನೇ ನೋಡತೊಡಗಿದರು.

"ಅಮ್ಮ, ಸಾಕು! ಅವರು ನನ್ನ ಧಣಿ," ಎಂದು ಲಕ್ಷಿತ್ ಹಲ್ಲು ಕಚ್ಚಿದ.

"ಹೊಡೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊರುವುದು ಇಡೀ ದಿನ. ಗೊತ್ತುಂಟಾ ನಿಂಗೆ?"

ಹನ್ನೆರಡನೆಯ ಸಲ ಬಂದು ನಿಂತ ಅರ್ಬಾಬರು ಬೆವರಿರಲಿಲ್ಲ. "ಇದೇ," ಎಂದರು. ಆ ಒಂದು ಮಾತಿಗೆ ಅವರ ಮುಖದಿಂದ ಹತ್ತು ವರ್ಷ ಇಳಿದುಹೋಯಿತು. ನನ್ನ ತಲೆಗೆ ಅಷ್ಟೇ ಕೊಂಬು ಬಂತು.

ಬಿಲ್ಲು ಬರೆಯುತ್ತಾ ಜಾಯ್ಸನ್ ಒಂದು ಕಿರುಬೆರಳಿನಷ್ಟು ಬಾಟಲಿ ಕೊಟ್ಟ. "ಎಣ್ಣೆ ಎರಡೇ ಹನಿ. ಕೊಂತ ಮಾತ್ರ ಒಣಗಿಯೇ ಇರಬೇಕು."

ಎರಡು ಹನಿ! ಮಗುವಿನ ಕಿವಿಗೆ ಬಿಡುವುದಾ?

ಡಿಸೆಂಬರಿನ ಎರಡನೆಯ ವಾರ ಪರೀಕ್ಷೆ. ನಮ್ಮನ್ನೂ ತೋಟಕ್ಕೆ ಕರೆದಿದ್ದರು. ಹಿಂದಿನ ದಿನ ಸಂಜೆಗೇ ಹೋದೆವು. ಅರ್ಬಾಬರು ಜಗಲಿಯಲ್ಲಿ ಬಟ್ಟೆ ಹಾಸಿ, ಬಂದೂಕನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಒರೆಸಿ ಸಾಲಾಗಿ ಇಟ್ಟಿದ್ದರು. ಅಷ್ಟರಲ್ಲಿ ಬಾಂಗು ಕೇಳಿಸಿತು. ಅರ್ಬಾಬರೂ ಯಾಕೂಬನೂ ನಮಾಜಿಗೆ ಎದ್ದರು.

"ನೀವು ಹೋಗಿ. ನಾನು ನೋಡ್ಕೊಳ್ತೇನೆ," ಎಂದೆ. ನೋಡಿಕೊಂಡಿದ್ದರೆ ಸಾಕಿತ್ತು!

ಮುಟ್ಟಿ ನೋಡಿದೆ. ಒಣಕಲು. ಎಣ್ಣೆಯ ಸುಳಿವಿಲ್ಲ. ನಮ್ಮವರು ಮಳೆಗಾಲ ಮುಗಿದ ಮೇಲೆ ಕೋವಿಯನ್ನು ಇಷ್ಟೇ ಭಕ್ತಿಯಿಂದ ಬಿಚ್ಚುತ್ತಿದ್ದರು. ಗಾಣದ ತೆಂಗಿನೆಣ್ಣೆಯನ್ನು ಬಟ್ಟೆಗೆ ಹೊಯ್ದು ನಳಿಗೆಯ ಒಳಗೂ ಹೊರಗೂ ತಿಕ್ಕುವುದು ನನ್ನ ಕೆಲಸ. ಪ್ರತಿ ಚುನಾವಣೆಗೂ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸುವುದು ನಮ್ಮ ಕಡೆಯ ಕ್ರಮ. ಒಪ್ಪಿಸುವ ಮೊದಲೂ ತಿಕ್ಕುತ್ತಿದ್ದೆ, ಪೊಲೀಸರ ಎದುರು ಮರ್ಯಾದೆ ಹೋಗಬಾರದಲ್ಲ. ಕೊನೆಯ ಸಲ ಒಪ್ಪಿಸಿ ಬಂದಾಗ ಅವರಿಗೆ ಅರುವತ್ತೆಂಟು; ಕೋವಿ ಹೊತ್ತು ಗುಡ್ಡೆ ಹತ್ತುವಾಗ ಏದುಸಿರು ಬರುತ್ತಿತ್ತು. ವೋಟು ಎಣಿಸಿ ಆಯಿತು. ಗೆದ್ದವರು ಮಂತ್ರಿಯೂ ಆದರು. "ಕೋವಿ ತರುವುದಿಲ್ವಾ?" ಎಂದು ಕೇಳಿದರೆ, "ಪೊಲೀಸರು ಕೊಡಬೇಕಲ್ಲ," ಎನ್ನುತ್ತಿದ್ದರು. ಎರಡು ವರ್ಷ ಅದೇ ಉತ್ತರ. ಬಂದು ಕೊಂಡುಹೋಗಿ ಎಂದು ಪೊಲೀಸರು ಬರೆದ ಎರಡು ಕಾಗದಗಳು ಅವರು ತೀರಿಹೋದ ಮೇಲೆ ಟ್ರಂಕಿನ ಅಡಿಯಲ್ಲಿ ಸಿಕ್ಕಿದವು.

ಅದನ್ನೆಲ್ಲ ನೆನೆಯುತ್ತಾ ಕೈ ತನ್ನಷ್ಟಕ್ಕೆ ಚೀಲದಲ್ಲಿದ್ದ ತಲೆಯ ಎಣ್ಣೆಯ ಬಾಟಲಿಗೆ ಹೋಯಿತು. ಊರಿನ ಗಾಣದ್ದು. ಕೊಂತ, ಅದರ ಉಂಗುರ, ಸಂದಿ, ಮೂಲೆ ಒಂದನ್ನೂ ಬಿಡಲಿಲ್ಲ. ಬಾಣಂತಿಗೆ ಎಣ್ಣೆ ನೀರು ಹಾಕುವಂತೆ ತಿಕ್ಕಿದೆ. ಬಂದೂಕು ಫಳಫಳ ಹೊಳೆಯಿತು. ಅರ್ಬಾಬರು ಬಂದು, ಮಬ್ಬುಬೆಳಕಿನಲ್ಲಿ ಭಾಗಗಳನ್ನು ಜೋಡಿಸಿ, ಪಿಕಪ್ಪಿನಲ್ಲಿಟ್ಟು ಬೀಗ ಹಾಕಿದರು.

ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಇದನ್ನು ತಿಳಿಯದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಇಲ್ಲಿ ಏಸಿಯ ದೆಸೆಯಿಂದ ನಾನು ದಿನಾ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಯೇ ತಲೆಗೆ ಹಚ್ಚುವುದು. ತಲೆಗೆ ಹಚ್ಚುವಾಗ ನೆನಪಿರುವುದು ಕೋವಿಗೆ ಹಚ್ಚುವಾಗ ಎಲ್ಲಿ ಹೋಗಿತ್ತೋ!

ಬೆಳಿಗ್ಗೆ ಗುಡ್ಡದ ಮೇಲೆ ಚಳಿಗಾಳಿ. ನಾನೂ ಸೌಮ್ಯಶ್ರೀಯೂ ಪಿಕಪ್ಪಿನ ಪಕ್ಕ ಚಾಪೆ ಹಾಸಿ, ಕಾವಾ ಎಂಬ ಅರಬ್ಬೀ ಕಾಫಿಯ ಫ್ಲಾಸ್ಕ್, ಖರ್ಜೂರ ಇಟ್ಟುಕೊಂಡು ಕುಳಿತೆವು. ಅರ್ಬಾಬರು ಯಾರ ಕೈಯನ್ನೂ ಹಿಡಿಯದೆ ಗುಡ್ಡ ಹತ್ತಿದರು. ಹಿಂದೆ ಯಾಕೂಬ್, ಲಕ್ಷಿತ್. ಕೆಲಸದವರು ಪೊದೆ ಬಡಿದರು.

ಭರ್ರನೆ ಮೊದಲ ಹಕ್ಕಿ ಎದ್ದಿತು. ಬಂದೂಕು ತಾನಾಗಿ ಎಂಬಂತೆ ಹೆಗಲಿಗೇರಿತು. ಢಂ! ಹಕ್ಕಿ ಕಲ್ಲಿನಂತೆ ಬಿತ್ತು.

"ನೋಡು, ಯಾರು ಆರಿಸಿದ್ದು?" ಎಂದು ಸೊಸೆಯ ಪಕ್ಕೆಗೆ ತಿವಿದೆ.

ಎಡಗಡೆಯಿಂದ ಎರಡನೆಯದು ಎದ್ದಿತು. ಅರ್ಬಾಬರು ತಿರುಗಿದರು, ಕುದುರೆ ಒತ್ತಿದರು. ಶಬ್ದವಿಲ್ಲ. ಹಕ್ಕಿ ಬಂಡೆಯ ಆಚೆ ಇಳಿದು ಹೋಯಿತು.

ಖಾಲಿ ತೋಟೆ ಬಂದೂಕಿನ ಪಕ್ಕದ ಬಾಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಕಪ್ಪೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಬಿದ್ದಿರುವ ಹಾವಿನ ಹಾಗೆ. ಅರ್ಬಾಬರು ಪಕ್ಕದ ಹಿಡಿಯನ್ನು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಬರಲಿಲ್ಲ. ಕೆಳಗೆ ಕೆಲವೇ ಮಾರು ದೂರದಲ್ಲಿದ್ದ ನನಗೆ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

"ಬಾಬಾ," ಎಂದ ಯಾಕೂಬ್, ನೆಲ ನೋಡುತ್ತಾ. "ಕೈಗೆ ಶಕ್ತಿ ಸಾಲದು, ಅಲ್ವಾ?"

ಅರ್ಬಾಬರು ಬಂದೂಕನ್ನು ಮಗನ ಕಡೆಗೆ ಚಾಚಿದರು.

ಆಗ ನನಗೆ ನಿನ್ನೆಯ ಎಣ್ಣೆ ನೆನಪಾಯಿತು. ಎದ್ದೆ. ಮೊಣಕಾಲು ನೋವೂ ಮರೆತು ಕಲ್ಲು ಹತ್ತಿದೆ.

"ಅತ್ತೆ, ಎಲ್ಲಿಗೆ? ಬೀಳ್ತೀರಿ ಮಾರಾಯ್ರೆ!"

"ಲಕ್ಷಿತಾ, ಹೇಳು ಅವನಿಗೆ. ಅವರ ಕೈಯದ್ದಲ್ಲ ತಪ್ಪು, ನನ್ನದು. ನಿನ್ನೆ ಸಂಜೆ ನಾನು ಅದಕ್ಕೆ ತೆಂಗಿನೆಣ್ಣೆ ಹಚ್ಚಿದ್ದೇನೆ."

"ಎಂತ ಹಚ್ಚಿದ್ದೀರಿ?" ಲಕ್ಷಿತನ ಮುಖ ಸುಣ್ಣವಾಯಿತು.

"ತೆಂಗಿನೆಣ್ಣೆ. ಕೊಂತಕ್ಕೂ."

"ಎಷ್ಟು?"

"ಕಾಲು ಬಾಟ್ಲಿ."

ಅವನು ಧಣಿಯ ಎದುರು ಹೇಗೆ ಹೇಳಿಯಾನು? ಕೊನೆಗೆ ನಾನೇ ನನ್ನ ಹಿಂದಿಯಲ್ಲಿ, ತಲೆಯನ್ನೂ ಬಂದೂಕನ್ನೂ ತೋರಿಸಿ ತೋರಿಸಿ ಒಪ್ಪಿಕೊಂಡೆ. ಹತ್ತು ಹೆಂಗಸರಿಗಾಗುವಷ್ಟು ಜಂಬ ಕೊಚ್ಚಿದ ಬಾಯಿ ಅದು. ಎರಡು ವಾಕ್ಯ ಹೇಳುವಷ್ಟರಲ್ಲಿ ಒಣಗಿತು.

ಯಾಕೂಬ್ ಸಂದಿಗೆ ಬೆರಳು ಹಾಕಿದ. ಬೆರಳಿಗೆ ಬೆಳ್ಳಗೆ, ಬೆಣ್ಣೆಯಂತೆ ಅಂಟಿಕೊಂಡಿತು, ಮಸಿಯೂ ಸೇರಿ. ಮೂಸಿ ನೋಡಿದ. ತಾನೂ ಹಿಡಿ ಎಳೆದ. ಮೂವತ್ತೆಂಟರ ಗಟ್ಟಿ ಆಳು, ಅವನಿಗೂ ಬರಲಿಲ್ಲ.

"ಬಂದೂಕು ಕೆಟ್ಟಿದೆ," ಎಂದ. "ಈ ಪರೀಕ್ಷೆ ಲೆಕ್ಕಕ್ಕಿಲ್ಲ ಬಾಬಾ. ಜಾಯ್ಸನ್ ತೊಳೆದು ಕೊಡಲಿ. ಮುಂದಿನ ಶುಕ್ರವಾರ ಮತ್ತೆ."

ಬದುಕಿದೆ ಎಂದುಕೊಂಡು ಚಾಪೆಗೆ ಇಳಿದು ಬಂದೆ. ಸ್ವಲ್ಪ ಹೊತ್ತಿಗೆ ಅರ್ಬಾಬರು ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು. ನಾನು ಬಗ್ಗಿಸಿಕೊಟ್ಟ ಕಾವಾ ಕುಡಿದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಉಮ್ಮ್ ಲಕ್ಷಿತ್, ಬಂದೂಕು ಚೆನ್ನಾಗಿಯೇ ಆರಿಸಿದಿರಿ. ಆದರೆ ಮೊದಲ ಈಡಿಗೇ ಹೆಗಲು ಸೋತಿತ್ತು. ಎರಡನೆಯ ಹಕ್ಕಿಗೆ ಅದು ಏಳಲೇ ಇಲ್ಲ. ಕುದುರೆ ಒತ್ತಿದ್ದು ಸುಮ್ಮನೆ, ನೋಡುವವರಿಗಾಗಿ. ಯಾಕೂಬನಿಗೆ ಹೇಳಬೇಡಿ." ಖರ್ಜೂರದ ಬೀಜವನ್ನು ಬೆರಳಲ್ಲಿ ತಿರುಗಿಸಿದರು. "ಆ ಎಣ್ಣೆ ಇನ್ನೂ ಉಳಿದಿದೆಯಾ? ಮುಂದಿನ ಶುಕ್ರವಾರ ಬರುವಾಗ ತನ್ನಿ."

ನಾನು ತಲೆಯಾಡಿಸಿದೆ.

ಹೊರಡುವ ಹೊತ್ತಿಗೆ ಯಾಕೂಬ್ ನಮ್ಮ ಕಾರಿನ ಡಿಕ್ಕಿಗೆ ಖರ್ಜೂರದ ಪೆಟ್ಟಿಗೆ ಇಟ್ಟ. ಇಟ್ಟವನು ಹೋಗಲಿಲ್ಲ. ನನ್ನ ಕಿಟಕಿಯ ಬಳಿ ಬಗ್ಗಿ ದನಿ ತಗ್ಗಿಸಿದ.

"ಖಾಲಾ, ಬಾಬಾನ ಹೆಗಲು ಏಳದ್ದು ನಾನು ನೋಡಿದೆ," ಎಂದ. ಅವನ ಕಣ್ಣು ತುಂಬಿತ್ತು. "ಷರತ್ತು ಹಾಕಿದವನು ನಾನೇ. ಈಗ ಖಲಾಸ್ ಎನ್ನಲು ನಾಲಿಗೆ ಏಳುವುದಿಲ್ಲ. ಮುಂದಿನ ಶುಕ್ರವಾರವೂ ಸ್ವಲ್ಪ ಹಚ್ಚಿಬಿಡಿ. ಬಾಬಾನಿಗೆ ತಿಳಿಯಬಾರದು."

ಕಾರು ಹೊರಟಿತು. ಬರ್ಕಾ ದಾಟಿದ ಮೇಲೆ ಲಕ್ಷಿತ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಪ್ಪ ಮಗ ಇಬ್ಬರೂ ನಿಮ್ಮ ಕಿವಿಯಲ್ಲಿ ಎಂತ ಹೇಳಿದ್ದು? ಬೈದ್ರಾ?" ಎಂದು ಕೇಳಿದ.

"ಇಲ್ಲ ಮಗಾ," ಎಂದೆ. "ಬಂದೂಕು ಆರಿಸ್ಲಿಕ್ಕೆ ನನ್ನನ್ನು ಕರೆದದ್ದು ಒಬ್ಬರು. ಹಾಳು ಮಾಡ್ಲಿಕ್ಕೆ ಇಬ್ಬರು ಕರೆದಿದ್ದಾರೆ."