ಗುಟ್ಟಾಗಿ ತಂಪಾದ ಕಾರು

ಹನ್ನೊಂದು ವರ್ಷಗಳಿಂದ ವೆಂಡೆಲ್ ಪಿಕೆಟ್ ತನ್ನ ಹಳೆಯ ಕಾರನ್ನು ಊರಿನ ಕಾರು ಪ್ರದರ್ಶನಕ್ಕೆ ಒಬ್ಬನೇ ಓಡಿಸಿಕೊಂಡು ಹೋಗುತ್ತಿದ್ದ. ಹೆಂಡತಿ ಲೊರೀನ್ ಅದರೊಳಗೆ ಕಾಲಿಡುತ್ತಿರಲಿಲ್ಲ. ಪ್ರದರ್ಶನ ನಡೆಯುವುದು ಜುಲೈಯಲ್ಲಿ. ನೂರೊಂದು ಡಿಗ್ರಿ ಮನುಷ್ಯನಿಗೆ ಬಂದರೆ ಜ್ವರ, ಟೆಕ್ಸಸ್ಸಿನ ಬ್ಯೂಮಾಂಟಿಗೆ ಬಂದರೆ ಬರೀ ಜುಲೈ. ಸಾಲದ್ದಕ್ಕೆ ಕಡಲ ಕಡೆಯ ಸೆಕೆ ಬೇರೆ.

"ಆ ಒಲೆಯೊಳಗೆ ಕೂತು ಬೇಯೋಕೆ ನಾನೇನು ಕೋಳೀನಾ?" ಎನ್ನುತ್ತಿದ್ದಳು ಲೊರೀನ್.

"ಅದರಲ್ಲಿ ಏಸಿ ಇದೆಯಲ್ಲ."

"ಇದೆ. ನಮ್ಮ ಮದುವೆಗೆ ಮುಂಚೇನೇ ಸತ್ತಿದೆ. ಹೆಣಾನ ಕಾರಲ್ಲಿಟ್ಕೊಂಡು ಮೆರವಣಿಗೆ ಮಾಡ್ತಿದ್ದೀಯ."

ಮಾತು ಸುಳ್ಳಲ್ಲ. ಆದರೆ ಆ ಹೆಣಕ್ಕೂ ಅಂಕವಿತ್ತು. ವೆಂಡೆಲ್‌ನ ಅರವತ್ತೆರಡನೇ ಇಸವಿಯ ತಿಳಿನೀಲಿ ಕಾರು ನಿಲ್ಲುತ್ತಿದ್ದುದು 'ಕೈ ಸೋಕದ ಕಾರು'ಗಳ ಸಾಲಿನಲ್ಲಿ. ಅಲ್ಲಿನ ನ್ಯಾಯವೇ ಬೇರೆ. ಕಾರ್ಖಾನೆ ಬಿಟ್ಟ ದಿನದಿಂದ ಯಾರೂ ಏನನ್ನೂ ಬದಲಾಯಿಸಿರಬಾರದು. ಬಣ್ಣ ಉದುರಿದ್ದರೆ ಗೌರವ, ಸೀಟು ಹರಿದಿದ್ದರೆ ಮಹಾಗೌರವ, ಗಡಿಯಾರ ನಿಂತಿದ್ದರೆ ಜನ್ಮ ಸಾರ್ಥಕ. (ಇದೇ ನ್ಯಾಯವನ್ನು ಗಂಡಂದಿರಿಗೂ ಅನ್ವಯಿಸಬಹುದೆಂದು ವೆಂಡೆಲ್ ಒಮ್ಮೆ ಸೂಚಿಸಿದ್ದ. ಲೊರೀನ್ ಒಪ್ಪಲಿಲ್ಲ.)

ಇಷ್ಟೆಲ್ಲ ಇದ್ದೂ ಮೂರು ವರ್ಷದಿಂದ ಅವನಿಗೆ ಎರಡನೇ ಸ್ಥಾನವೇ ಗಟ್ಟಿ. ಮೊದಲನೆಯದು ಎದುರುಮನೆಯ ಡೆಲ್ಬರ್ಟ್ ಫೋಲಿಗೆ. ಡೆಲ್ಬರ್ಟ್ ಬಹುಮಾನದ ಕಪ್ಪನ್ನು ಕಿಟಕಿಯಲ್ಲಿಟ್ಟಿದ್ದ. ವೆಂಡೆಲ್ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಅದು ಫಳಫಳ ಹೊಳೆದು ಅವನ ಕಣ್ಣು ಕುಕ್ಕುತ್ತಿತ್ತು. ಕಳೆದ ವರ್ಷ ಸೋತದ್ದು ಬರೀ ಮೂರು ಅಂಕದಿಂದ. ಕಾರಿನ ಕಾಲದ ಉಡುಪು ತೊಟ್ಟ ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಐದು ಅಂಕ. ಡೆಲ್ಬರ್ಟ್‌ನ ಹೆಂಡತಿ ಕೂತಿದ್ದಳು.

"ಐದು ಅಂಕಕ್ಕೆ ನಾನು ಬರಬೇಕಾ?" ಲೊರೀನ್ ಕೇಳಿದಳು.

"ಪ್ರೀತಿಗೆ ಬಾ. ಅಂಕ ಅದರ ಹಿಂದೆ ತಾನಾಗೇ ಬರುತ್ತೆ."

"ಪ್ರೀತಿ ಇದ್ದರೆ ಮೊದಲು ಕಾರು ತಂಪು ಮಾಡು."

ವೆಂಡೆಲ್ ಹಿಂಜರಿಯುವ ಆಸಾಮಿಯಲ್ಲ. ಮೂವತ್ತೆಂಟು ವರ್ಷ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ಪೈಪು ಜೋಡಿಸಿ ನಿವೃತ್ತನಾದವನು. "ಏಸಿ ಅಂದರೆ ಏನು, ನಾಲ್ಕು ಸಣ್ಣ ಪೈಪು" ಎಂದು ಗ್ಯಾರೇಜು ಸೇರಿದ. ಆರು ವಾರ ಅವನ ಕಾಲು ಮಾತ್ರ ಕಾಣುತ್ತಿತ್ತು. ಹೊಸ ಕಂಪ್ರೆಸರನ್ನು ಹಳೆಯದರ ಕಬ್ಬಿಣದ ಕವಚದೊಳಗೆ ಕೂರಿಸಿದ. ಹೊಸ ಪೈಪುಗಳಿಗೆ ಹಳೇ ಬಟ್ಟೆ ಸುತ್ತಿದ. ಕೊನೆಗೆ ಅಟ್ಟದ ಮೇಲಿಂದ ಒಂದು ಡಬ್ಬಿ ಧೂಳು ತಂದು, ಗ್ರೀಸಿನಲ್ಲಿ ಕಲಸಿ, ಅಜ್ಜಿ ಮೊಮ್ಮಗುವಿಗೆ ಎಣ್ಣೆ ಹಚ್ಚುವಷ್ಟು ಅಕ್ಕರೆಯಿಂದ ಎಲ್ಲಕ್ಕೂ ಸವರಿದ. ಕಾರು ಒಳಗಿನಿಂದ ಹೊಚ್ಚ ಹೊಸದು, ನೋಡುವವರಿಗೆ ಪರಮ ಪಾಳು.

ಮೊದಲ ದಿನ ಏಸಿ ಹಾಕಿದಾಗ ಐದೇ ನಿಮಿಷಕ್ಕೆ ಲೊರೀನ್ ಸ್ವೆಟರ್ ಕೇಳಿದಳು. ವೆಂಡೆಲ್ ಸಂತೋಷದಿಂದ ಓಡಿಹೋಗಿ ತಂದುಕೊಟ್ಟ. ಪ್ರದರ್ಶನದ ಅರ್ಜಿಯಲ್ಲಿ ಮಾತ್ರ ಎಂದಿನಂತೆ ದಪ್ಪ ಅಕ್ಷರದಲ್ಲಿ ಬರೆದ: "ಏಸಿ ಕಾರ್ಖಾನೆಯದ್ದೇ. ಕೆಟ್ಟಿದೆ. ಕೈ ಸೋಕಿಲ್ಲ."

"ದಾರಿಯಲ್ಲಿ ಬೇಕಾದಷ್ಟು ಹಾಕ್ಕೋ. ಮೈದಾನ ತಲುಪಿದ ಮೇಲೆ ಮುಟ್ಟಬೇಡ," ಎಂದು ಹೆಂಡತಿಗೆ ತಾಕೀತು ಮಾಡಿದ.

"ಸೆಕೆ ಆದರೆ?"

"ನಗ್ತಾ ಕೂತಿರು. ಆ ಕಾಲದ ಹೆಂಗಸರು ಹಾಗೇ ಕೂರ್ತಿದ್ರು."

"ಆ ಕಾಲದ ಹೆಂಗಸರು ಬೇಗ ಸಾಯ್ತಿದ್ರು," ಎಂದು ಲೊರೀನ್ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡಳು.

ಪ್ರದರ್ಶನದ ದಿನ ಮೈದಾನದ ಡಾಂಬರು ಮೆತ್ತಗಾಗಿ ಬೂಟಿಗೆ ಅಂಟುತ್ತಿತ್ತು. ಮುಖ್ಯ ತೀರ್ಪುಗಾರ ಗಾರ್ಲಂಡ್ ಟಟಲ್, ನಿವೃತ್ತ ಹೆಡ್‌ಮಾಸ್ಟರು, ಬಿಳಿ ಕೈಗವಸು ತೊಟ್ಟು, ಇಬ್ಬರು ಸಹಾಯಕರೊಂದಿಗೆ ಬಂದರು. ಹಳದಿ ಗೌನಿನಲ್ಲಿ, ಹ್ಯಾಟು ಧರಿಸಿ ನಗುತ್ತಿದ್ದ ಲೊರೀನ್‌ಳನ್ನು ಕಿಟಕಿಯಿಂದ ನೋಡಿ ಐದು ಅಂಕ ಬರೆದುಕೊಂಡರು. ಎಂಜಿನ್ ಶುರು ಮಾಡಿಸಿದರು. ಬಾನೆಟ್ಟಿನೊಳಗೆ ಬಗ್ಗಿ, ಕಂಪ್ರೆಸರಿನ ಮೇಲೆ ಬೆರಳಾಡಿಸಿ, ಕೈಗವಸಿಗಂಟಿದ ಕೊಳೆಯನ್ನು ಭಕ್ತಿಯಿಂದ ನೋಡಿದರು.

"ಇಂಥ ಧೂಳು ಈಗೆಲ್ಲಿ ಸಿಗುತ್ತಪ್ಪಾ, ವೆಂಡೆಲ್."

"ನಾವು ಒರೆಸೋದೇ ಇಲ್ಲ ಸರ್," ಎಂದ ವೆಂಡೆಲ್ ವಿನಯದಿಂದ. ಅದೇ ಸಾಲಿನಲ್ಲಿ ನಿಂತಿದ್ದ ಡೆಲ್ಬರ್ಟ್‌ನ ಮುಖ ಸಪ್ಪಗಾದುದನ್ನು ಓರೆಗಣ್ಣಿನಲ್ಲಿ ನೋಡಿ ಎದೆಯನ್ನು ಇನ್ನೆರಡು ಅಂಗುಲ ಉಬ್ಬಿಸಿದ.

ಇತ್ತ ಲೊರೀನ್ ಹನ್ನೊಂದು ನಿಮಿಷ ನಕ್ಕಳು. ಹನ್ನೆರಡನೆಯ ನಿಮಿಷಕ್ಕೆ ನಗು ಬೆವರಿನಲ್ಲಿ ಕರಗಿತು. ಎಂಜಿನ್ ಹೇಗೂ ಓಡುತ್ತಿದೆ, ಗಂಡ ಬಾನೆಟ್ಟಿನ ಮರೆಯಲ್ಲಿದ್ದಾನೆ. ಕಿಟಕಿ ಏರಿಸಿ ಏಸಿಯ ನಾಬ್ ತಿರುಗಿಸಿದಳು. (ಅವಳದ್ದೇನೂ ತಪ್ಪಿಲ್ಲ.)

ಸ್ವಲ್ಪ ಹೊತ್ತಿಗೆ ಗಾರ್ಲಂಡ್ ಕಾರಿನ ಕೆಳಗೆ ನೋಡಿದರು. ತೊಟ್ ತೊಟ್ ಎಂದು ಏನೋ ತೊಟ್ಟಿಕ್ಕಿ ಪುಟ್ಟ ಕೆರೆಯಾಗಿತ್ತು. ಎಣ್ಣೆಯಾಗಿದ್ದರೆ ಅದಕ್ಕೂ ಅಂಕ ಕೊಡುತ್ತಿದ್ದರೋ ಏನೋ. ಬೆರಳಿಟ್ಟು ಮೂಸಿದರು. "ನೀರು."

ಮೂವತ್ತೆಂಟು ವರ್ಷ ಪೈಪು ಜೋಡಿಸಿದವನು ಎಲ್ಲವನ್ನೂ ಮುಚ್ಚಿ, ಏಸಿಯ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿರಲಿಲ್ಲ. ಆದರೂ ಧೈರ್ಯ ಬಿಡಲಿಲ್ಲ. "ರೇಡಿಯೇಟರ್ ಸೋರುತ್ತೆ ಸರ್. ಮೊದಲಿಂದಲೂ."

"ಅದರ ನೀರು ಹಸಿರು, ಮೇಲಾಗಿ ಕುದೀತಿರುತ್ತೆ. ಇದು ತಣ್ಣಗಿದೆ."

"ಹಾಗಾದರೆ ಐಸ್ ಪೆಟ್ಟಿಗೆ. ಲೊರೀನ್ ಕಾಲಡಿ ಇಟ್ಟಿದ್ದೀನಿ, ಲೆಮನೇಡಿಗೆ."

ಬಾಯಾರಿದ್ದ ಗಾರ್ಲಂಡ್ ಲೆಮನೇಡ್ ಎಂಬ ಮಾತು ಕೇಳಿದ್ದೇ ಕಾರಿನ ಬಾಗಿಲು ತೆರೆದರು. ಹಿಮಾಲಯವೇ ಮೈಮೇಲೆ ಬಿದ್ದಂತಾಯಿತು. ಒಳಗೆ ಐಸ್ ಪೆಟ್ಟಿಗೆ ಇರಲಿಲ್ಲ. ಸ್ವೆಟರ್ ತೊಟ್ಟ ಲೊರೀನ್ ಇದ್ದಳು.

"ನಿಂತೇ ಇದ್ದೀರಲ್ಲ, ಒಳಗೆ ಬನ್ನಿ ಸರ್," ಎಂದು ಸ್ಟೀರಿಂಗಿನ ಕಡೆಗೆ ಸರಿದು ಜಾಗ ಕೊಟ್ಟಳು. "ಬಾಗಿಲು ಹಾಕ್ಕೊಳ್ಳಿ."

ಗಾರ್ಲಂಡ್ ಅರ್ಜಿಯತ್ತ ನೋಡಿದರು, ವೆಂಡೆಲ್‌ನತ್ತ ನೋಡಿದರು, ಒಳಗೆ ಕೂತರು. ಅಂಕ ಕೂಡಿಸಲು ಸಹಾಯಕರೂ ಹಿಂದಿನ ಸೀಟಿಗೆ ನುಗ್ಗಿದರು. ಆಕ್ಷೇಪಣೆ ಸಲ್ಲಿಸಲೆಂದು ಓಡಿಬಂದ ಡೆಲ್ಬರ್ಟ್ ಕೂಡ ಅವರ ಪಕ್ಕ ಜಾಗ ಹಿಡಿದ. ವೆಂಡೆಲ್ ಎಂಜಿನ್ ಕಾಯದಂತೆ ನೋಡಿಕೊಳ್ಳುತ್ತ ಬಿಸಿಲಲ್ಲಿ ನಿಂತ. ಗಾಜಿನ ಹೊರಮೈಗೆಲ್ಲ ಮಂಜು ಕವಿದು ಒಳಗೇನು ನಡೆಯುತ್ತಿದೆಯೆಂದು ಕಾಣಿಸಲಿಲ್ಲ. ನಗು ಮಾತ್ರ ಕೇಳಿಸಿತು.

ಅರ್ಧ ಗಂಟೆಯ ಮೇಲೆ ಗಾಜು ಎರಡು ಬೆರಳಷ್ಟು ಇಳಿಯಿತು.

"ವೆಂಡೆಲ್, ನಮ್ಮನ್ನ ಪಟ್ಟಿಯಿಂದ ತೆಗೆದರು. ಡೆಲ್ಬರ್ಟ್ ಗೆದ್ದ," ಎಂದಳು ಲೊರೀನ್. "ಅವನಿಗೆ ವೇದಿಕೆ ತನಕ ಹೋಗೋಕೆ ಬಿಸಿಲಂತೆ. ನೀನು ಹೇಗೂ ಹೊರಗೇ ಇದ್ದೀಯಲ್ಲ, ಕಪ್ ತಂದುಬಿಡು."

ವೆಂಡೆಲ್ ಹೋದ. ಹಲ್ಲು ಕಚ್ಚಿಕೊಂಡು ತಂದ. ಬಿಸಿಲಿಗೆ ಬಾಣಲೆಯಂತೆ ಕಾದಿದ್ದ ಆ ಕಪ್ಪನ್ನು ಕಿಟಕಿಯ ಸಂದಿಗೆ ಹಿಡಿದ, ತೂರಲಿಲ್ಲ. ಗಾಜು ತಟ್ಟಿ, "ಬಾಗಿಲು ತೆಗೆಯೇ," ಎಂದ.

"ತಂಪೆಲ್ಲ ಹೊರಟುಹೋಗುತ್ತೆ," ಎಂದಳು ಲೊರೀನ್. "ಇಷ್ಟು ವರ್ಷ ಆ ಕಪ್ಪಿಗೇ ಒದ್ದಾಡಿದೆಯಲ್ಲ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡಿರು."